ಭಾರ ಹಾಕಿದವರ ಊರು

ಮಳೆ ಹಿಂದೆಗೆದ ವರ್ಷ ಹೊಲದ ಬದುವಿನ ಮೇಲೆ ಕೈಕಟ್ಟಿ ನಿಂತ ಒಕ್ಕಲಿಗನಿಗೆ, ಜ್ವರದಿಂದ ಬೇಯುವ ಮಗುವಿನ ತಲೆದೆಸೆಯಲ್ಲಿ ರಾತ್ರಿಯೆಲ್ಲ ಎಚ್ಚರಿದ್ದ ತಾಯಿಗೆ, ಅರಳೆಯ ಧಾರಣೆ ಒಮ್ಮೆಲೆ ಬಿದ್ದು ಅಂಗಡಿಯ ಗಾದಿಯ ಮೇಲೆ ಮೋರೆ ಬಾಡಿಸಿ ಕುಳಿತ ವರ್ತಕನಿಗೆ, ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಹಿರಿಯರಾದವರು ತಲೆಮಾರುಗಳಿಂದ ಹೇಳುತ್ತ ಬಂದಿರುವ ಮಾತು ಒಂದೇ: ‘ಚಿಂತಿ ಮಾಡಬ್ಯಾಡ್ರಿ, ದೇವರ ಮ್ಯಾಲ ಭಾರ ಹಾಕ್ರಿ.’ ಮಾತು ಬಹಳ ಹಳೆಯದು. ಕೈಯಿಂದ ಕೈಗೆ ದಾಟಿದ ನಾಣ್ಯದ ಮುದ್ರೆಯಂತೆ ಸವೆದುಹೋದುದು. ಹೇಳುವವರು ಅದರ ಅರ್ಥವನ್ನು ಆಲೋಚಿಸದೆ ಹೇಳುತ್ತಾರೆ, ಕೇಳುವವರು ಹೂಂಗುಟ್ಟಿ ತಮ್ಮ ದಾರಿ ಹಿಡಿಯುತ್ತಾರೆ. ಆದರೆ ಈ ಎರಡು ಊರುಗಳ ಗತಕಾಲವನ್ನು, ವಿಶೇಷವಾಗಿ ಇಲ್ಲಿ ಬಿದ್ದ ಬರಗಳ ಮತ್ತು ಇಲ್ಲಿ ಹಬ್ಬಿದ ಬೇನೆಗಳ ಕಥೆಯನ್ನು, ತಾಳ್ಮೆಯಿಂದ ನೋಡಿದಾತನಿಗೆ ಈ ಸವೆದ ನಾಣ್ಯದ ಲೋಹ ಎಂತಹುದೆಂಬುದು ತಿಳಿಯದೆ ಇರದು.

ಮೊದಲು ‘ಭಾರ’ ಎಂಬ ಶಬ್ದವನ್ನೇ ನೋಡಬೇಕು. ಹುಬ್ಬಳ್ಳಿಯು ಹೇರಿನ ಊರು. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾದಾಗ ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಆ ಬೆಲೆ ಬಂದ ಹಾಗೆಯೇ ಇಳಿದುಹೋಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಈ ಸೀಮೆಗೆ ಬರುವ ಮುನ್ನ, ಅಂಡಿಗೆಗಳಲ್ಲಿ ಒತ್ತಿ ಕಟ್ಟಿದ ಆ ಹತ್ತಿಯೆಲ್ಲ ಚಕ್ಕಡಿಗಳ ಮೇಲೆಯೂ ಹೇರೆತ್ತುಗಳ ಬೆನ್ನ ಮೇಲೆಯೂ ಏರಿ, ಕಲಘಟಗಿ, ಯಲ್ಲಾಪುರಗಳನ್ನು ದಾಟಿ, ಹುಲಿ ಕರಡಿಗಳ ಕಾಡಿನ ನಡುವೆ ಘಟ್ಟವನ್ನಿಳಿದು, ಸುಮಾರು ನೂರು ಮೈಲಿಯಾಚೆಯ ಕುಮಟೆಯ ಬಂದರವನ್ನು ಸೇರಬೇಕಾಗಿದ್ದಿತು. ಹೊರಡುವ ದಿವಸ ಗಾಡಿಯವನು ಮಾಡುತ್ತಿದ್ದ ಕೆಲಸಗಳಿಗೆ ಒಂದು ಕ್ರಮವಿತ್ತು. ಗಾಲಿಯ ಕಡಾಣಿಯನ್ನು ತಟ್ಟಿ ನೋಡುವನು. ಅಚ್ಚಿಗೆ ಕೀಲೆಣ್ಣೆ ಹಾಕುವನು. ಎತ್ತಿನ ಗೊರಸನ್ನು ಎತ್ತಿ ಲಾಳವನ್ನು ಪರೀಕ್ಷಿಸುವನು. ಹಗ್ಗದ ಗಂಟನ್ನು ಮತ್ತೊಮ್ಮೆ ಜಗ್ಗಿ ಬಿಗಿಯುವನು. ಇಷ್ಟೆಲ್ಲ ಆದ ಮೇಲೆ ಗಾಲಿಯ ಮುಂದೆ ಒಂದು ಕಾಯಿ ಒಡೆದು, ಎತ್ತಿನ ಹಣೆಗೆ ಭಂಡಾರ ಹಚ್ಚಿ, ದೇವರ ಮೇಲೆ ಭಾರ ಹಾಕಿ ನೊಗ ಹೂಡುವನು. ಕೀಲೆಣ್ಣೆ ಹಾಕದೆ ಬರಿಯ ಕಾಯಿ ಒಡೆದು ಹೊರಟವನನ್ನು ಈ ಸೀಮೆಯವರು ಭಕ್ತನೆಂದು ಕರೆಯಲಿಲ್ಲ. ಕೀಲೆಣ್ಣೆ ಹಾಕಿಯೂ ಘಟ್ಟದ ಭಯಕ್ಕೆ ನಿದ್ದೆಗೆಟ್ಟು ಕುಳಿತವನಿಗೆ ಮಾತ್ರ ‘ಭಾರ ಹಾಕೋ ತಮ್ಮಾ’ ಎಂದರು. ಮನುಷ್ಯನ ಪಾಲಿನದು ಮುಗಿದ ಎಡೆಯಲ್ಲಿ ಆರಂಭವಾಗುವುದು ಈ ಮಾತಿನ ಸೀಮೆ. ಇದನ್ನು ಮರೆತರೆ ಮುಂದಿನ ಇತಿಹಾಸವೆಲ್ಲವೂ ಅಪಾರ್ಥವಾದೀತು.

ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಪೂರ್ವಕ್ಕೆ, ಹುಬ್ಬಳ್ಳಿಯನ್ನು ದಾಟಿದೊಡನೆ, ಅಣ್ಣಿಗೇರಿ ನವಲಗುಂದಗಳ ಕಡೆಗೆ ಕಣ್ಣು ಹರಿಯುವಷ್ಟು ದೂರ ಹಬ್ಬಿದ ಎರೆಯ ಹೊಲ. ಎರೆಭೂಮಿಯ ಗುಣವೆಂದರೆ ಮಳೆ ಬಂದ ವರ್ಷ ಅದು ಕಾಮಧೇನು, ಬಾರದ ವರ್ಷ ಮೊಳಕಾಲುದ್ದದ ಬಿರುಕು. ಇಂತಹ ನೆಲದಲ್ಲಿ ಬಾಳುವವನು ಆಕಾಶವನ್ನು ನೋಡದೆ ಇರಲಾರ. 1396ರಿಂದ ಹನ್ನೆರಡು ವರ್ಷ ದಖ್ಖನನ್ನು ಸುಟ್ಟಿತೆಂದು ಪರಂಪರೆ ಹೇಳುವ ದುರ್ಗಾದೇವಿ ಬರದ ನೆನಪು ಈ ಸೀಮೆಯಲ್ಲಿಯೂ ಇದ್ದಿತು. 1790ರಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯವು ಟಿಪ್ಪುವಿನ ಅಧೀನದಲ್ಲಿದ್ದ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ, 1791ರ ಏಪ್ರಿಲಿನ ವರೆಗೆ ಸುತ್ತಲಿನ ಹಳ್ಳಿಗಳ ಕಾಳುಕಡಿಯನ್ನೂ ಮೇವನ್ನೂ ಬರಿದುಮಾಡಿದ ಬೆನ್ನಿಗೇ ಮಳೆಯೂ ಕೈಕೊಟ್ಟು ಬಿದ್ದ 1791-92ರ ಬರವಂತೂ, ಹೂಳುವವರಿಲ್ಲದೆ ನೆಲದ ಮೇಲೆ ಉಳಿದ ತಲೆಬುರುಡೆಗಳ ಹೆಸರಿನಿಂದಲೇ ಜನರ ಬಾಯಲ್ಲಿ ಉಳಿಯಿತು. ಈ ನೆನಪುಗಳು ನೆಲಕ್ಕೆ ಹತ್ತಿದ ಕಲೆಯಂತೆ ಇದ್ದುದರಿಂದ, ಮೃಗಶಿರೆ ಆರಿದ್ರೆಗಳು ಒಣಗಿಹೋದ ವರ್ಷ ಇಲ್ಲಿಯ ಹಳ್ಳಿಗಳಲ್ಲಿಯೂ ಪೇಟೆಯ ಓಣಿಗಳಲ್ಲಿಯೂ ಗುರ್ಜಿ ಹೊರಡುತ್ತಿದ್ದಿತು. ಈಗಲೂ ಕೆಲವೆಡೆ ಹೊರಡುತ್ತದೆ.

ಗುರ್ಜಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಸೌಂದರ್ಯ ಗೊತ್ತು. ರೊಟ್ಟಿ ಬೇಯಿಸುವ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಮಣ್ಣಿನಿಂದಲೋ ಸಗಣಿಯಿಂದಲೋ ಒಂದು ಪುಟ್ಟ ಮೂರ್ತಿಯನ್ನು ತಿದ್ದಿ, ತಲೆಗೆ ಗರಿಕೆಯ ಎಸಳುಗಳನ್ನು ಸಿಕ್ಕಿಸಿ, ಬರಿಮೈಯ ಹುಡುಗನೊಬ್ಬನ ತಲೆಯ ಮೇಲೆ ಹೊರಿಸುತ್ತಾರೆ. ಹಿಂದೆ ಓಣಿಯ ಮಕ್ಕಳ ಮೇಳ, ಹಾಡು, ಕೂಗು. ಒಂದೊಂದು ಬಾಗಿಲ ಮುಂದೆಯೂ ಮನೆಯಾಕೆ ಹೊರಗೆ ಬಂದು, ಬರಗಾಲದಲ್ಲಿ ದೂರದ ಬಾವಿಯಿಂದ ಸೇದಿ ಹೊತ್ತು ತಂದ ನೀರಿನಲ್ಲಿ ಒಂದು ತಂಬಿಗೆಯನ್ನು ಆ ಗುರ್ಜಿಯ ಮೇಲೆ ಸುರಿಯುತ್ತಾಳೆ. ಹುಡುಗ ಗಿರ್ರನೆ ತಿರುಗುತ್ತಾನೆ. ಹಂಚಿನಂಚಿನಿಂದ ನೀರು ಸುತ್ತಲೂ ಸಿಡಿದು ನಿಂತವರ ಮೈಯೆಲ್ಲ ಹನಿಹನಿ. ಆಮೇಲೆ ಮೊರದಲ್ಲಿ ಒಂದು ಹಿಡಿ ಜೋಳದ ಹಿಟ್ಟು, ಒಂದು ಹಿಡಿ ಕಾಳು. ಹೀಗೆ ಮನೆಮನೆಯಿಂದ ಕೂಡಿದ ಹಿಟ್ಟನ್ನು ಒಂದೇ ಒಲೆಯ ಮೇಲೆ ಬೇಯಿಸಿ, ದೇವರಿಗೆ ಎಡೆ ಹಿಡಿದು, ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ನೀರಿಲ್ಲದ ಕಾಲದಲ್ಲಿ ನೀರನ್ನು ಚೆಲ್ಲುವ ಈ ಕೈ ಯಾವುದು? ಮುಚ್ಚಿಟ್ಟುಕೊಳ್ಳುವುದು ಭಯದ ಸ್ವಭಾವ, ಸುರಿಯುವುದು ವಿಶ್ವಾಸದ ಸ್ವಭಾವ. ಮಳೆಯನ್ನು ಗುರ್ಜಿ ತಂದಿತೋ ಇಲ್ಲವೋ ಎಂಬ ಪ್ರಶ್ನೆಗಿಂತ ದೊಡ್ಡದಾದ ಸಂಗತಿಯೊಂದು ಅಲ್ಲಿ ನಡೆಯುತ್ತಿತ್ತು: ಯಾವ ಮನೆಯ ಹಿಟ್ಟಿನ ಮಡಕೆ ಬರಿದಾಗಿದೆಯೆಂಬುದು ಆ ದಿವಸ ಓಣಿಗೆಲ್ಲ ತಿಳಿದುಬಿಡುತ್ತಿತ್ತು, ಮತ್ತು ಕೊಡಲಾರದ ಮನೆಯ ಮಕ್ಕಳೂ ಕೊಟ್ಟ ಮನೆಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು.

ಆದರೆ ಗುರ್ಜಿಯಿಂದಲೂ ಸಪ್ತಾಹದ ಭಜನೆಯಿಂದಲೂ ತೀರದ ಬರಗಳು ಬಂದುವು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರ ವರೆಗೆ, ಮದರಾಸು, ಮುಂಬಯಿ, ಮೈಸೂರು ಪ್ರಾಂತಗಳನ್ನೆಲ್ಲ ಕವಿದು ಐವತ್ತು ಲಕ್ಷಕ್ಕೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡ ಕ್ಷಾಮವು ಧಾರವಾಡ ಜಿಲ್ಲೆಯನ್ನೂ ಹಿಂಡಿತು. ಸರಕಾರವು ರಸ್ತೆ ಕೆರೆಗಳ ಕಾಮಗಾರಿಗಳನ್ನು ತೆರೆಯಿತಾದರೂ, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ವೆಚ್ಚವನ್ನು ಕಡಿಮೆ ಮಾಡುವುದಕ್ಕಾಗಿ ವಿಧಿಸಿದ ಕೂಲಿಯ ಲೆಕ್ಕದಲ್ಲಿ ದಿನವೆಲ್ಲ ಕಲ್ಲೊಡೆದ ಗಂಡಾಳಿಗೆ ದೊರೆತುದು ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ. ಅಂದು ಸತ್ತವರಲ್ಲಿ ದೇವರನ್ನು ನಂಬದವರು ಎಷ್ಟು ಮಂದಿ ಇದ್ದಾರು? ಬಹುಶಃ ಒಬ್ಬರೂ ಇರಲಿಲ್ಲ. ಇದನ್ನು ಮರೆಮಾಚಿ ವಿಶ್ವಾಸದ ಮಹಿಮೆಯನ್ನು ಹೊಗಳುವವನು ಸತ್ತವರಿಗೂ ದೇವರಿಗೂ ಸಮಾನವಾಗಿ ಅನ್ಯಾಯ ಮಾಡಿದಂತೆ. ನಂಬಿದವನಿಗೆ ಕೇಡು ತಾಗದೆಂಬುದು ವ್ಯಾಪಾರದ ಮಾತು. ಕಾಯಿ ಒಡೆದುದಕ್ಕೆ ಪ್ರತಿಫಲ ಕೇಳುವ ಮಾತು. ಈ ಸೀಮೆಯ ಜನರಿಗೆ ಅಂತಹ ಕರಾರು ಸುಳ್ಳೆಂಬುದು ಎರೆಯ ನೆಲವೇ ಕಲಿಸಿದ ಪಾಠ. ಹಾಗಿದ್ದೂ ಅವರು ಭಾರ ಹಾಕುವುದನ್ನು ಬಿಡಲಿಲ್ಲ. ಏಕೆ ಬಿಡಲಿಲ್ಲವೆಂಬುದೇ ನಾವು ವಿಚಾರಿಸಬೇಕಾದುದು.

ಇದಕ್ಕೆ ಉತ್ತರದ ಒಂದು ಎಳೆ ಶಿಗ್ಗಾಂವಿ ತಾಲ್ಲೂಕಿನಿಂದ ಬರುತ್ತದೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವ ವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಆ ತಾಲ್ಲೂಕಿನಲ್ಲಿ ಬಾಡ, ಶಿಶುನಾಳಗಳೆಂಬ ಎರಡು ಊರುಗಳಿವೆ. ಬಾಡವು ಹದಿನಾರನೆಯ ಶತಮಾನದ ಕನಕದಾಸರ ಜನ್ಮಸ್ಥಳ. ತಲ್ಲಣಗೊಂಡ ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಸಂತೈಸುವ ಅವರ ಕೀರ್ತನೆಯೊಂದು ಕನ್ನಡ ನಾಡಿನ ಮನೆಮನೆಯಲ್ಲಿಯೂ ಗೊತ್ತು. ಬೆಟ್ಟದ ತುದಿಯ ಮರಕ್ಕೆ ನೀರೆರೆದವರಾರು, ಕಲ್ಲಿನೊಳಗಣ ಕಪ್ಪೆಗೆ ಆಹಾರ ತಂದಿತ್ತವರಾರು ಎಂಬ ವಿಚಾರಧಾರೆ ಅದರದು. ಅಲ್ಲಿ ಗಮನಿಸಬೇಕಾದುದೆಂದರೆ, ದಾಸರು ಕಷ್ಟವು ಇಲ್ಲವೆಂದು ಹೇಳುವುದಿಲ್ಲ. ತಲ್ಲಣವು ಕಷ್ಟಕ್ಕೆ ಮದ್ದಲ್ಲವೆಂದು ಹೇಳುತ್ತಾರೆ. ಶಿಶುನಾಳವು 1819ರಲ್ಲಿ ಹುಟ್ಟಿದ ಶರೀಫರ ಊರು. ಮುಸಲ್ಮಾನ ಕುಟುಂಬದ ಈ ಶಾಲಾಮಾಸ್ತರರು ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುವಾಗಿ ವರಿಸಿ, ಮಡದಿಯನ್ನು ಕಳೆದುಕೊಂಡು, ಬಡತನವನ್ನುಂಡು, 1876ರ ಮಹಾಕ್ಷಾಮವನ್ನು ಕಣ್ಣಾರೆ ಕಂಡು, 1889ರಲ್ಲಿ ದೇಹವಿಟ್ಟರು. ಮಳೆಗೆ ಸೋರುವ ಮಣ್ಣಿನ ಮಾಳಿಗೆ ಈ ಸೀಮೆಯ ಬಡವನ ನಿತ್ಯದ ಚಿಂತೆ. ಶರೀಫರು ಆ ಸೋರುವ ಮಾಳಿಗೆಯನ್ನೇ ಹಿಡಿದು, ಒಳಗೆ ಸೋರುವ ಅಜ್ಞಾನದ ಕಡೆಗೆ ಬೆರಳು ತೋರಿಸುವ ತತ್ತ್ವಪದವನ್ನು ಕಟ್ಟಿದರು. ಮಾಳಿಗೆಯನ್ನು ಮೆತ್ತಬೇಕಾದವನು ಮೆತ್ತಲೇಬೇಕು. ಆದರೆ ಮಾಳಿಗೆ ಸೋರಿದಾಗ ಮನಸ್ಸೂ ಸೋರತೊಡಗಿದರೆ ಮೆತ್ತುವ ಕೈಯಾದರೂ ಎಲ್ಲಿಂದ ಬಂದೀತು? ಕನಕದಾಸರೂ ಶರೀಫರೂ ಈ ನೆಲದ ಮನಸ್ಸನ್ನು ಇಂತು ಹದಮಾಡಿದ್ದರೆಂಬುದನ್ನು ನೆನೆದರೆ, ಮುಂದೆ ಬಂದ ಪರೀಕ್ಷೆಯಲ್ಲಿ ಜನರು ನಡೆದುಕೊಂಡ ರೀತಿ ಅರ್ಥವಾಗುತ್ತದೆ.

ಆ ಪರೀಕ್ಷೆ ಪ್ಲೇಗು. ಧಾರವಾಡದಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಹುಟ್ಟಿದ 1896ನೆಯ ವರ್ಷದ ಸಪ್ಟೆಂಬರಿನಲ್ಲಿಯೇ ಮುಂಬಯಿಯ ಬಂದರದಲ್ಲಿ ಕಾಣಿಸಿಕೊಂಡ ಆ ಬೇನೆಯು, ಜನ ಹೋದ ದಾರಿಯನ್ನೇ ಹಿಡಿದು ರೈಲಿನ ಮೂಲಕ ದಕ್ಷಿಣಕ್ಕಿಳಿದು, 1898ರಲ್ಲಿ ಹುಬ್ಬಳ್ಳಿಯನ್ನು ಭಯಂಕರವಾಗಿ ಹಿಡಿಯಿತು. ಮೊದಲು ಜಂತಿಯಿಂದ ಇಲಿ ಬೀಳುವುದು. ಆಮೇಲೆ ಮನೆಯವರ ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಡ್ಡೆ. ಎರಡು ಮೂರು ದಿನಗಳಲ್ಲಿ ಮುಗಿತಾಯ. ಬೇನೆಯ ಏರುಗಾಲದಲ್ಲಿ ವಾರಕ್ಕೆ ನೂರಾರು ಹೆಣಗಳು ಹೋದುವು. ಹಂಚು ತೆಗೆಸಿ ಬಿಸಿಲು ಬೀಳಿಸಿದ ಮನೆಗಳು, ಸುಣ್ಣದ ನೀರು, ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ತಪಾಸಣೆ, ಊರ ಹೊರಗಿನ ಗುಡಿಸಲುಗಳ ಸಾಲು: ಆ ದಿನಗಳ ಹುಬ್ಬಳ್ಳಿಯ ಚಿತ್ರವಿದು.

ಇಲ್ಲಿಯೇ ನಮ್ಮ ಜನರ ಹಳೆಯ ಆಚಾರವೊಂದು ಹೊಸ ಅರ್ಥವನ್ನು ಪಡೆಯಿತು. ಈ ಸೀಮೆಯ ಹಳ್ಳಿಗಳಲ್ಲಿ ಬೇನೆ ಬಂದಾಗಲೂ ಗ್ರಾಮದೇವತೆಯ ಜಾತ್ರೆಗೆ ಮುನ್ನವೂ ಹೊರಬೀಡೆಂಬ ಪದ್ಧತಿಯುಂಟು. ದ್ಯಾಮವ್ವನ ಹೆಸರಿನಲ್ಲಿ ವಾರ ಹಿಡಿದು, ಗೊತ್ತಾದ ಮಂಗಳವಾರವೋ ಶುಕ್ರವಾರವೋ ಬೆಳಗಾಗುವುದರೊಳಗೆ ಊರಿಗೆ ಊರೇ ಮನೆಗಳನ್ನು ಬರಿದುಮಾಡಿ ಹೊಲಕ್ಕೆ ಹೋಗುವುದು. ಊರೊಳಗೆ ಒಲೆ ಉರಿಯಬಾರದು, ಬೀಸುವ ಕಲ್ಲು ತಿರುಗಬಾರದು, ಹೊರಗಿನವರು ಒಳಗೆ ಕಾಲಿಡದಂತೆ ಅಗಸೆಗೆ ಮುಳ್ಳುಬೇಲಿ. ಸಂಜೆಯ ತನಕ ಮರದ ನೆರಳಿನಲ್ಲಿ ಎಲ್ಲರದೂ ಬುತ್ತಿ, ಎಲ್ಲರದೂ ಮಾತು. ದೇವಿಯ ಮೇಲೆ ಭಾರ ಹಾಕಿದವರು ಮನೆಯೊಳಗೆ ಕದವಿಕ್ಕಿ ಕೂರಲಿಲ್ಲ, ಎದ್ದು ಹೊರಗೆ ನಡೆದರು ಎಂಬುದನ್ನು ನೋಡಬೇಕು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಬಯಲಿಗೆ ಹೋಗಿರೆಂದು ವೈದ್ಯರು ಹೇಳಿದಾಗ, ಆ ಮಾತು ಇಲ್ಲಿಯ ಮುದುಕಿಯರಿಗೆ ಸಂಪೂರ್ಣ ಹೊಸದಾಗಿರಲಿಲ್ಲ.

ಅದಕ್ಕಿಂತ ಆಶ್ಚರ್ಯಕರವಾದುದು ಸೂಜಿಯ ಕಥೆ. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದನು. ಅದೇ ವರ್ಷ ಪುಣೆಯಲ್ಲಿ ಪ್ಲೇಗಿನ ಕ್ರಮಗಳ ಕ್ರೌರ್ಯಕ್ಕೆ ರೊಚ್ಚಿಗೆದ್ದವರು ರ‍್ಯಾಂಡ್ ಎಂಬ ಅಧಿಕಾರಿಯ ಮೇಲೆ ಗುಂಡು ಹಾರಿಸಿದ್ದರು. ದೇಶದಲ್ಲೆಲ್ಲ ಸಂಶಯ, ಗಾಳಿಮಾತು, ಭೀತಿ. ಅಂತಹ ಹೊತ್ತಿನಲ್ಲಿ, 1898ರ ಕೆಲವೇ ತಿಂಗಳುಗಳೊಳಗೆ, ಸುಮಾರು 50,000 ಜನವಸತಿಯ ಹುಬ್ಬಳ್ಳಿಯಲ್ಲಿ 30,000ಕ್ಕೂ ಹೆಚ್ಚು ಜನರು ಆ ಲಸಿಕೆಗೆ ತೋಳೊಡ್ಡಿದರು. ಆ ಕಾಲಕ್ಕೆ ಪ್ಲೇಗಿನ ವಿರುದ್ಧ ಒಂದು ಊರು ಕಂಡ ಅತಿ ದೊಡ್ಡ ಲಸಿಕೆಯ ಪ್ರಯೋಗಗಳಲ್ಲಿ ಅದೊಂದಾಯಿತು. ಅದರ ಅನುಭವವನ್ನು ಪ್ಲೇಗ್ ಆಯೋಗವೂ ವಿವರವಾಗಿ ವಿಚಾರಿಸಿತು. ಹೀಗೆ ತೋಳೊಡ್ಡಿದವರು ದೇವರನ್ನು ಬಿಟ್ಟು ವೈದ್ಯನನ್ನು ಹಿಡಿದವರೆಂದು ತಿಳಿಯುವುದು ಸಲ್ಲದು. ಮನೆಯ ದೇವರ ಮುಂದೆ ದೀಪ ಹಚ್ಚಿ ಬಂದ ಕೈಗಳೇ ಅವು. ಕೀಲೆಣ್ಣೆಯನ್ನೂ ಕಾಯನ್ನೂ ಬೇರ್ಪಡಿಸಿ ನೋಡದ ಗಾಡಿಯವನ ವಿವೇಕವೇ ಇಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತು.

ಆ ಕಾಲದ ಮನೆಗಳ ಒಳಗನ್ನು ಕಾಣಬೇಕಾದರೆ ಮುಡಿಪನ್ನು ನೋಡಬೇಕು. ಮನೆಯಲ್ಲಿ ಗಂಡಾಂತರ ಒದಗಿದಾಗ ಹಿರಿಯಳಾದ ಹೆಂಗಸು ಮಿಂದು ಬಂದು, ಹೊಸ ಬಿಳಿಯ ಅರಿವೆಯ ತುಂಡನ್ನು ಅರಿಸಿನದ ನೀರಿನಲ್ಲಿ ಅದ್ದಿ, ಅದರಲ್ಲಿ ಒಂದು ನಾಣ್ಯವನ್ನಿಟ್ಟು ಗಂಟು ಹಾಕುವಳು. ಸವದತ್ತಿಯ ಎಲ್ಲಮ್ಮನಿಗೋ, ಮೈಲಾರಲಿಂಗನಿಗೋ, ಉಳವಿಯ ಚೆನ್ನಬಸವೇಶ್ವರನಿಗೋ, ತಮ್ಮ ಮನೆದೇವರಿಗೆ ಹರಕೆ ಹೊತ್ತು, ಆ ಗಂಟನ್ನು ನಡುಮನೆಯ ಕಂಬಕ್ಕೆ ಕಟ್ಟುವಳು. ಕಟ್ಟಿದ ಮೇಲೆ ಅದನ್ನು ಬಿಚ್ಚುವಂತಿಲ್ಲ. ಮನೆಯಲ್ಲಿ ಎಣ್ಣೆಗೆ ಕಾಸಿಲ್ಲದ ದಿನ ಬಂದರೂ ಆ ಕಾಸನ್ನು ಮುಟ್ಟುವಂತಿಲ್ಲ. ಅದು ದೇವರ ಪಾಲು. ರಾತ್ರಿ ನಿದ್ದೆ ಬಾರದೆ ಹೊರಳಿದವಳ ಕಣ್ಣಿಗೆ, ಸಣ್ಣ ದೀಪದ ಬೆಳಕಿನಲ್ಲಿ, ಆ ಅರಿಸಿನದ ಗಂಟು ಕಂಬದ ಮೇಲೆ ಮಸುಕಾಗಿ ತೋರುವುದು. ನನ್ನ ಚಿಂತೆಯನ್ನು ನಾನು ಅಲ್ಲಿ ಕಟ್ಟಿಟ್ಟಿದ್ದೇನೆ, ಅದು ಈಗ ನನ್ನ ಸೆರಗಿನಲ್ಲಿಲ್ಲ ಎಂದುಕೊಂಡು ಅವಳು ಕಣ್ಣು ಮುಚ್ಚುವಳು. ಮರುದಿನ ಬೆಳಗ್ಗೆ ಎದ್ದು ರೋಗಿಗೆ ಗಂಜಿ ಕಾಸಬೇಕು, ದನಕ್ಕೆ ಮೇವು ಹಾಕಬೇಕು, ಉಳಿದ ಮಕ್ಕಳ ತಲೆ ಬಾಚಬೇಕು. ಅದಕ್ಕೆ ಬೇಕಾದ ಒಂದು ಗಳಿಗೆಯ ನಿದ್ದೆಯನ್ನು ಆ ಗಂಟು ಅವಳಿಗೆ ಕೊಡುತ್ತಿದ್ದಿತು. ಮೂಢನಂಬಿಕೆಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಚಿಂತೆಗೆ ಒಂದು ಆಕಾರವನ್ನೂ ಒಂದು ಸ್ಥಾನವನ್ನೂ ಕೊಟ್ಟು ಅದನ್ನು ಮೈಯಿಂದ ಇಳಿಸುವ ಈ ಉಪಾಯದಲ್ಲಿ ಮನುಷ್ಯಸ್ವಭಾವದ ಎಂತಹ ಆಳವಾದ ತಿಳಿವಳಿಕೆ ಅಡಗಿದೆಯೆಂಬುದನ್ನು ಬಲ್ಲವರು ಬಲ್ಲರು.

ಗಂಡಸರ ಮುಡಿಪು ಕಾಗದದ ಮೇಲೆ ಇರುತ್ತಿತ್ತು. ಊರು ಬಿಟ್ಟು ಚದರಿಹೋದ ಬಂಧುಗಳು ಒಬ್ಬರಿಗೊಬ್ಬರು ಬರೆದ ಪತ್ರಗಳಲ್ಲಿ, ಈಗಲೂ ನಮ್ಮ ಹಿರಿಯರ ಪತ್ರಗಳಲ್ಲಿ, ತಪ್ಪದೆ ಬರುವ ಶಬ್ದ ‘ಯೋಗಕ್ಷೇಮ’. ಅನನ್ಯವಾಗಿ ನಂಬಿದವರ ಯೋಗಕ್ಷೇಮವನ್ನು ತಾನೇ ಹೊರುವೆನೆಂದು ಭಗವಂತನು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಶಬ್ದವದು. ಇಲ್ಲದುದು ದೊರೆಯುವುದು ಯೋಗ, ಇದ್ದುದು ಉಳಿಯುವುದು ಕ್ಷೇಮ. ಭಗವಂತನು ಹೊರುತ್ತೇನೆಂದ ಆ ಭಾರದ ಹೆಸರನ್ನೇ ನಮ್ಮವರು ಅಂಚೆಯ ಕಾಗದದ ಮೊದಲ ಸಾಲಿಗೆ ತಂದಿಟ್ಟುಕೊಂಡರು. ನೀವು ಹೇಗಿದ್ದೀರಿ ಎಂದು ಕೇಳುವಾಗಲೆಲ್ಲ, ನಿಮ್ಮ ಭಾರವನ್ನು ಹೊರುವವನು ಚೆನ್ನಾಗಿ ಹೊರುತ್ತಿದ್ದಾನೆಯೇ ಎಂದು ಕೇಳಿದಂತಾಯಿತು.

ಇಂತಹ ಕಾಲದ ಹುಬ್ಬಳ್ಳಿಯಲ್ಲಿ ಸಿದ್ಧಾರೂಢರು ಕುಳಿತಿದ್ದರು. 1836ರಲ್ಲಿ ಬೀದರ ಸೀಮೆಯ ಚಳಕಾಪುರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮನೆ ಬಿಟ್ಟು, ಗಜದಂಡಸ್ವಾಮಿಗಳ ಸೇವೆ ಮಾಡಿ, ದೇಶವೆಲ್ಲವನ್ನೂ ಬರಿಗಾಲಿನಲ್ಲಿ ಸುತ್ತಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಹುಬ್ಬಳ್ಳಿಗೆ ಬಂದು ನೆಲೆನಿಂತ ಅವರನ್ನು ಮೊದಮೊದಲು ಹುಚ್ಚನೆಂದು ಕಾಡಿದವರೂ ಇದ್ದರೆಂದು ಭಕ್ತರು ಬರೆದ ಚರಿತ್ರೆಗಳು ಹೇಳುತ್ತವೆ. 1929ರ ಶ್ರಾವಣದಲ್ಲಿ ಅವರು ಸಮಾಧಿಸ್ಥರಾಗುವ ಹೊತ್ತಿಗೆ ಅವರು ಈ ಊರಿನ ‘ಅಜ್ಜ’ ಆಗಿದ್ದರು. ಅವರ ಮಠದಲ್ಲಿ ಜಾತಿ ಮತಗಳ ಭೇದವಿಲ್ಲದೆ ಯಾರಾದರೂ ಬಂದು ಕುಳಿತು ನಿಜಗುಣ ಶಿವಯೋಗಿಗಳ ಶಾಸ್ತ್ರವನ್ನು ಕೇಳಬಹುದಾಗಿತ್ತು, ಪಂಚಾಕ್ಷರಿಯನ್ನು ನುಡಿಯಬಹುದಾಗಿತ್ತು, ಪಂಕ್ತಿಯಲ್ಲಿ ಉಣ್ಣಬಹುದಾಗಿತ್ತು. ಅವರ ಶಿಷ್ಯ ಕಬೀರದಾಸರು ಹುಟ್ಟಿನಿಂದ ಮುಸಲ್ಮಾನರು. ರೈಲ್ವೆಯ ಕಾರ್ಖಾನೆಯಲ್ಲಿ ದುಡಿಯುವ ಕಮ್ಮಾರ, ಗಿರಣಿಯ ಕೂಲಿ, ಸಾಲದಲ್ಲಿ ಮುಳುಗಿದ ವ್ಯಾಪಾರಿ, ಮಕ್ಕಳನ್ನು ಕಳೆದುಕೊಂಡ ತಾಯಿ, ಎಲ್ಲರೂ ಅಲ್ಲಿಗೆ ಬಂದು ತಂತಮ್ಮ ಹೊರೆಯನ್ನು ಇಳಿಸಿದರು.

ಆ ಮಠದ ವೇದಾಂತ ಅದ್ವೈತ. ಚಿಂತೆಯನ್ನು ಬಿಡು ಎಂದು ಹೇಳುವುದಕ್ಕೆ ಮುನ್ನ ಚಿಂತೆಪಡುವವನು ಯಾರೆಂದು ನೋಡು ಎಂಬುದು ಆ ದರ್ಶನದ ಮಾರ್ಗ. ನಾನು ಮಾಡಿದೆ, ನನ್ನಿಂದ ಉಳಿಯಿತು, ನನ್ನಿಂದ ಕೆಟ್ಟಿತು ಎಂಬ ಕರ್ತೃತ್ವದ ಅಭಿಮಾನ ಕರಗಿದಲ್ಲಿ ಹೊರೆಯು ಹೊರೆಯಾಗಿ ಉಳಿಯುವುದಿಲ್ಲವೆಂಬ ಆ ಸೂಕ್ಷ್ಮವನ್ನು ಎಲ್ಲರೂ ಗ್ರಹಿಸಿದರೆಂದಲ್ಲ. ಆದರೆ ಗ್ರಹಿಸದವನಿಗೂ ಅಲ್ಲಿ ದೊರೆಯುತ್ತಿದ್ದುದು ಒಂದಿತ್ತು: ದಾಸೋಹ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ಜೋಡಿಸಿ ಕೊಟ್ಟ ಈ ಪದವು ಮಠದಲ್ಲಿ ದಿನನಿತ್ಯದ ಅನ್ನವಾಯಿತು. ನೆಲದ ಮೇಲೆ ಸಾಲಾಗಿ ಕುಳಿತವರ ಮುಂದೆ ಎಲೆ ಬೀಳುತ್ತದೆ. ಬಿಸಿ ಅನ್ನ, ಮೇಲೆ ಸಾರು. ಬಡಿಸುವವನು ಯಾರ ಹೆಸರನ್ನೂ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತವನ ಕಷ್ಟ ತನ್ನದಕ್ಕಿಂತ ದೊಡ್ಡದಿರಬಹುದೆಂಬುದು ಅನ್ನ ಕಲಸುವಾಗ ಹೊಳೆಯುತ್ತದೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬ ಗಾದೆಯು ನಿಜವಾಗಬೇಕಾದರೆ ಯಾರಾದರೊಬ್ಬರು ಒಲೆ ಹೊತ್ತಿಸಲೇಬೇಕು. ದೇವರು ಉಣಿಸುವುದು ಮನುಷ್ಯನ ಕೈಯಿಂದ. ಹುಬ್ಬಳ್ಳಿಯ ಮಠ ಇದನ್ನು ಬಾಯಿಂದ ಬೋಧಿಸಿದುದಕ್ಕಿಂತ ಸೌಟಿನಿಂದ ಬೋಧಿಸಿದುದು ಹೆಚ್ಚು.

ಈ ಬೋಧನೆ ಒಂದು ಮಠದ ಸೊತ್ತಾಗಿ ಉಳಿಯಲಿಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಜೋಳಿಗೆ ಹಿಡಿದು ತಂದ ಕಾಳಿನಿಂದ ಹಳ್ಳಿಯ ಬಡ ಹುಡುಗರಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟರು. ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಭವ್ಯ ಕಟ್ಟಡದಲ್ಲಿ ನೆಲೆಗೊಂಡ ಕರ್ನಾಟಕ ಕಾಲೇಜಿನ ಎಷ್ಟೋ ಪದವೀಧರರು ಆ ಪ್ರಸಾದವನ್ನುಂಡು ಓದಿದವರು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳು, ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ನೋಡಿ ನಾಳಿನ ಚಿಂತೆಯನ್ನು ಬಿಡಿರೆಂಬ ಕ್ರಿಸ್ತನ ಉಪದೇಶವನ್ನು ಕನ್ನಡದಲ್ಲಿ ಹೇಳಿದರು, ಶಾಲೆಗಳನ್ನು ಕಟ್ಟಿದರು. ಮೊಹರಮ್ಮಿನ ಕಾಲದಲ್ಲಿ ಅಲಾಯಿ ದೇವರ ಮುಂದೆ ಹರಕೆ ಹೊತ್ತು ಮಗನಿಗೆ ಫಕೀರನ ಲಾಡಿ ಕಟ್ಟಿಸಿದ ಲಿಂಗಾಯತ, ಕುರುಬ, ಮರಾಠರ ಮನೆಗಳು ಈ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟು. ಭಾರ ಹಾಕುವ ಹೆಗಲು ಯಾರದೆಂಬುದರ ಬಗೆಗೆ ಇಲ್ಲಿಯ ಜನ ಬಹಳ ಜಗಳವಾಡಲಿಲ್ಲ.

ಇಷ್ಟನ್ನೂ ಒಟ್ಟಿಗೆ ನೋಡಿದರೆ ಆಗಲೇ ಎತ್ತಿದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಬರ ಬಂದು ಕೊಂದರೂ, ಬೇನೆ ಬಂದು ಒಯ್ದರೂ ಜನರು ಏಕೆ ಭಾರ ಹಾಕುವುದನ್ನು ಬಿಡಲಿಲ್ಲವೆಂದರೆ, ಹಾಗೆ ಹಾಕಿದ ಭಾರವು ಎಂದಿಗೂ ಶೂನ್ಯದಲ್ಲಿ ಬೀಳಲಿಲ್ಲ. ಗುರ್ಜಿಯ ಹೆಸರಿನಲ್ಲಿ ಅದು ಓಣಿಯ ಒಲೆಗೆ ಬಂದಿತು. ದ್ಯಾಮವ್ವನ ಹೆಸರಿನಲ್ಲಿ ಹೊಲದ ಮರದಡಿಗೆ ಬಂದಿತು. ಅಜ್ಜನ ಹೆಸರಿನಲ್ಲಿ ಪಂಕ್ತಿಯ ಎಲೆಗೆ ಬಂದಿತು. ಒಬ್ಬನ ಎದೆಯಲ್ಲಿ ಗಂಟಾಗಿದ್ದ ಚಿಂತೆಯು ದೇವರ ಮೂಲಕ ಹಾಯ್ದು ಊರಿನ ಕಾಳಜಿಯಾಗಿ ಹೊರಗೆ ಬರುತ್ತಿತ್ತು. ಚಿಂತೆ ಒಬ್ಬನನ್ನೇ ಹಿಡಿದು ಮೂಲೆಗೆ ಒಯ್ಯುತ್ತದೆ. ಕಾಳಜಿ ನಾಲ್ವರನ್ನು ಒಂದೆಡೆ ಕೂಡಿಸುತ್ತದೆ. ಚಿಂತೆಯನ್ನು ಕಾಳಜಿಯಾಗಿ ಮಾರ್ಪಡಿಸುವ ಆ ಶಕ್ತಿಗೆ ನಮ್ಮ ಹಿರಿಯರು ಇಟ್ಟ ಹೆಸರು ವಿಶ್ವಾಸ.

ಇಂದು ಹಳೆಯ ಕಂಬಗಳಿಲ್ಲದ ಮನೆಗಳಲ್ಲಿ ಮುಡಿಪಿನ ಗಂಟುಗಳಿಗೆ ಜಾಗ ಕಡಿಮೆ. ಭಾರ ಹಾಕಿರೆಂದು ಹೇಳುವ ನಾವು ಬುತ್ತಿ ಬಿಚ್ಚುವುದನ್ನು ಕೆಲವು ವೇಳೆ ಮರೆಯುತ್ತೇವೆ. ಮಾತು ಮಾತ್ರ ಉಳಿದು ಅದರ ಹಿಂದಿನ ಒಲೆ ಆರಿದರೆ, ಕಷ್ಟದಲ್ಲಿರುವವನಿಗೆ ಆ ಮಾತು ಸಾಂತ್ವನವಾಗದೆ ನೋವಾದೀತು. ಆದುದರಿಂದಲೇ ಅದರ ಇತಿಹಾಸವನ್ನು ನೆನೆಯಬೇಕಾಗಿದೆ.

ಹೊಸದೊಂದು ಮಹಾಮಾರಿ ಜಗತ್ತನ್ನೆಲ್ಲ ಆವರಿಸಿ ರೈಲುಗಳು ನಿಂತುಹೋಗಿದ್ದ 2020ನೆಯ ವರ್ಷದಲ್ಲಿಯೇ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಸಿದ್ಧಾರೂಢ ಸ್ವಾಮಿಗಳ ಹೆಸರನ್ನಿಟ್ಟರು. 1,507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆಂದು 2023ರಲ್ಲಿ ಲೋಕಾರ್ಪಣೆಗೊಂಡ ವೇದಿಕೆ ಈಗ ಅಲ್ಲಿದೆ. ಸಂಜೆಯ ಗಾಡಿಗೆ ಮಗನನ್ನು ದೂರದ ಊರಿನ ಕೆಲಸಕ್ಕೆ ಕಳುಹಿಸಲು ಬಂದ ತಾಯಂದಿರು ಆ ವೇದಿಕೆಯ ಮೇಲೆ ದಿನವೂ ಕಾಣಸಿಗುತ್ತಾರೆ. ರೊಟ್ಟಿ, ಶೇಂಗಾ ಚಟ್ನಿಗಳ ಗಂಟನ್ನು ಮಗನ ಕೈಗೆ ಕೊಟ್ಟು, ಅದರ ಬಿಗಿಯನ್ನು ಮತ್ತೊಮ್ಮೆ ಜಗ್ಗಿ ನೋಡಿ, ಗಾಡಿ ಅಲುಗಿದೊಡನೆ ಕೈಮುಗಿದು ‘ಅಜ್ಜಾ, ನೀನ ನೋಡ್ಕೋಪಾ’ ಎನ್ನುತ್ತಾರೆ. ಅದೇ ಊರಿನಲ್ಲಿ, ಹಳಿಗಳ ಆ ಬದಿಗೆ, ನೂರು ವರ್ಷಗಳಿಗೂ ಮಿಕ್ಕಿ ಗಾಲಿಗಳ ಅಚ್ಚನ್ನು ತಟ್ಟಿ ನೋಡುತ್ತ ಬಂದಿರುವ ರೈಲ್ವೆಯ ಕಾರ್ಖಾನೆಯಿದೆ. ಕುಮಟೆಯ ದಾರಿಗೆ ಚಕ್ಕಡಿ ಹೂಡುತ್ತಿದ್ದವನು ಇಂದು ಬಂದು ನಿಂತರೂ ಅವನಿಗೆ ಇಲ್ಲಿ ಅಪರಿಚಿತವಾದುದು ಏನೂ ಇರದು: ಕೀಲಿಗೆ ಎಣ್ಣೆ ಬಿದ್ದಿದೆ, ಬುತ್ತಿಯ ಗಂಟು ಬಿಗಿಯಾಗಿದೆ, ಉಳಿದ ಭಾರವನ್ನು ಹಾಕಬೇಕಾದೆಡೆಯಲ್ಲಿ ಹಾಕಿಯಾಗಿದೆ, ಗಾಡಿ ಹೊರಡಬಹುದು.